ನೀಲಿ ಎರೆಯ ದಿನ್ನೆ: ಪೆತ್ರುಸ್ ದ್ರಾಕ್ಷಿತೋಟದ ಚರಿತ್ರೆ

ಗಟ್ಟಿ ಎರೆಯಲ್ಲಿ ದ್ರಾಕ್ಷಿ ಹಚ್ಚಬೇಡ ಎನ್ನುತ್ತಾರೆ ನಮ್ಮ ಹಿರಿಯರು. ಮಳೆ ಬಿದ್ದರೆ ಆ ಮಣ್ಣು ಉಬ್ಬಿ ನೀರು ಹಿಡಿದು ಕೂರುತ್ತದೆ. ಬೇಸಿಗೆ ಬಂದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಕಾಲದಲ್ಲಿ ಬೇರು ಕೊಳೆಯುತ್ತದೆ, ಇನ್ನೊಂದು ಕಾಲದಲ್ಲಿ ಹರಿಯುತ್ತದೆ. ಮಾತು ಅನುಭವದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಜಗತ್ತಿನ ಅತಿ ದುಬಾರಿ ಕೆಂಪು ವೈನುಗಳಲ್ಲಿ ಒಂದು ಹುಟ್ಟುವುದು ನಮ್ಮ ಎರೆಯ ದಾಯಾದಿಯಂಥ ಜೇಡಿಯ ಮೇಲೆ. ಹಾಗಾಗಿ ದ್ರಾಕ್ಷಿ ಬೆಳೆಗಾರರ ಈ ಸ್ಮರಣ ಸಂಚಿಕೆಗೆ ಹೊರನಾಡಿನ ಒಂದು ತೋಟದ ಚರಿತ್ರೆ ಬೇಕು ಎಂದಾಗ ನನಗೆ ಮೊದಲು ಹೊಳೆದ ಹೆಸರು ಪೆತ್ರುಸ್.

ವೈನ್ ಕುಡಿಯದವರೂ ಈ ಕಥೆ ಓದಬಹುದು. ಇದರಲ್ಲಿ ಲೋಟಕ್ಕಿಂತ ಕತ್ತರಿಯ ಪಾತ್ರ ದೊಡ್ಡದು. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡಿ ಗೊತ್ತಿರುವವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರು, ದಿನ್ನೆ, ಮಣ್ಣು

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ ಬೋರ್ಡೋ ಪಟ್ಟಣ. ಅಲ್ಲಿಂದ ಪೂರ್ವಕ್ಕೆ ಹೋದರೆ ದೋರ್ದೋನ್ಯ ನದಿಗೆ ಈಲ್ ನದಿ ಬಂದು ಸೇರುವ ಜಾಗದಲ್ಲಿ ಲಿಬೂರ್ನ್ ಎಂಬ ಹಳೆಯ ಬಂದರು ಊರಿದೆ. ಅದರ ಮಗ್ಗುಲಿಗೇ ಪೊಮೆರೋಲ್. ಊರೆಂದರೆ ಒಂದು ಚರ್ಚಿನ ಗೋಪುರ, ಚದುರಿದ ಮನೆಗಳು, ಸುತ್ತ ಬಳ್ಳಿಯೋ ಬಳ್ಳಿ. ಇಡೀ ಪೊಮೆರೋಲಿನ ದ್ರಾಕ್ಷಿ ಪ್ರದೇಶವೇ ಸುಮಾರು 800 ಹೆಕ್ಟೇರ್. ಬೋರ್ಡೋದ ಇತರ ಹೆಸರಾಂತ ಸೀಮೆಗಳ ಎದುರು ಇದು ಅಂಗೈಯಗಲದ ನೆಲ.

ಈ ನೆಲದ ಪೂರ್ವಕ್ಕೆ, ಸಮುದ್ರಮಟ್ಟದಿಂದ ಸುಮಾರು 40 ಮೀಟರ್ ಎತ್ತರದಲ್ಲಿ ಒಂದು ದಿನ್ನೆ ಇದೆ. ಬೆಟ್ಟವೆನ್ನಲಾಗದು, ನಡೆದು ಹೋಗುವವನಿಗೆ ಏರಿದ್ದೇ ತಿಳಿಯದು. ಸುತ್ತಲಿನ ತೋಟಗಳಲ್ಲಿ ಮೇಲ್ಗಡೆ ಗರಸು ಕಲ್ಲು, ಮರಳು. ಈ ದಿನ್ನೆಯ ನೆತ್ತಿಯಲ್ಲಿ ಮಾತ್ರ ಗರಸು ಸರಿದು ಕೆಳಗಿನ ಪ್ರಾಚೀನ ಜೇಡಿ ಮೇಲೆ ಬಂದು ಕೂತಿದೆ. ಅಂಗಿಯ ಗುಂಡಿ ಬಿಚ್ಚಿದಲ್ಲಿ ಮೈ ಕಂಡಂತೆ ಎಂಬ ಅರ್ಥದಲ್ಲಿ ಫ್ರೆಂಚರು ಇದನ್ನು ಗುಂಡಿಯ ಕಾಜಾ ಎಂದೇ ಕರೆಯುತ್ತಾರೆ. ಅಂಥ ನೆಲ ಇರುವುದು ಸುಮಾರು 20 ಹೆಕ್ಟೇರ್. ಅದರ ನಟ್ಟನಡುವೆ ಪೆತ್ರುಸ್.

ಮೇಲೆ ಕಪ್ಪು ಜೇಡಿ, ಅಗೆದರೆ ನೀಲಿ ಛಾಯೆಯ ಬಿಗಿ ಜೇಡಿ, ಅದರ ಜೊತೆಗೆ ತುಕ್ಕು ಬಣ್ಣದ ಕಬ್ಬಿಣದ ಗಟ್ಟಿ ಪದರ. ಈ ಜೇಡಿ ಸ್ಮೆಕ್ಟೈಟ್ ಎಂಬ ಖನಿಜದ ಗುಂಪಿನದು. ನಮ್ಮ ಬಯಲುಸೀಮೆಯ ಎರೆ ಉಬ್ಬುವುದಕ್ಕೂ ಬಿರಿಯುವುದಕ್ಕೂ ಕಾರಣವಾದ ಖನಿಜ ಇದೇ ಗುಂಪಿಗೆ ಸೇರಿದೆ. ಹಾಗಿದ್ದರೆ ಅಲ್ಲಿ ಬೇರು ಕೊಳೆಯದೇಕೆ? ಉತ್ತರ ಆ ಸಣ್ಣ ಏರಿನಲ್ಲಿದೆ. ಮಳೆ ಶುರುವಾದ ಸ್ವಲ್ಪ ಹೊತ್ತಿಗೆ ಜೇಡಿ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ನೀರು ಒಳಗಿಳಿಯದೆ ನಾಲ್ಕೂ ಕಡೆ ಜಾರಿಹೋಗುತ್ತದೆ. ಜೇಡಿ ಅಷ್ಟು ಬಿಗಿಯಾದ್ದರಿಂದ ಬೇರು ತೀರ ಆಳಕ್ಕೂ ಹೋಗಲಾರದು. ಬೇಸಿಗೆಯಲ್ಲಿ ಅದೇ ಜೇಡಿ ತಾನು ಹಿಡಿದಿಟ್ಟ ನೀರನ್ನು ಜಿಪುಣನ ಹಾಗೆ ಹನಿಹನಿಯಾಗಿ ಬಿಟ್ಟುಕೊಡುತ್ತದೆ. ಬಳ್ಳಿ ಒಣಗುವುದಿಲ್ಲ, ಹೊಟ್ಟೆತುಂಬ ಕುಡಿದು ಕೊಬ್ಬುವುದೂ ಇಲ್ಲ. ಹಣ್ಣಿನ ಕಾಳು ಸಣ್ಣದಾಗಿ, ಸಿಪ್ಪೆಯ ಪಾಲು ಹೆಚ್ಚಾಗಿ, ಬಣ್ಣ ಗಾಢವಾಗಿ ಬರುವುದು ಇದರಿಂದ.

ಈ ಮಣ್ಣಿಗೆ ಸರಿಹೊಂದಿದ ತಳಿ ಮರ್ಲೊ. ಆ ಹೆಸರು ಕಪ್ಪು ಮೈಯ ಒಂದು ಹಾಡುಹಕ್ಕಿಯ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಲಿಬೂರ್ನ್ ಸೀಮೆಯ ಒಳ್ಳೆಯ ತಳಿಗಳಲ್ಲಿ ಇದೂ ಒಂದೆಂದು 1780ರ ದಶಕದ ದಾಖಲೆಯಲ್ಲೇ ಬರೆದಿದೆ. ಕ್ಯಾಬರ್ನೆ ಸೋವಿಞೊನ್ ತಳಿಗಿಂತ ಇದು ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ಜೇಡಿ ತಂಪಿನ ಮಣ್ಣು. ನಿಧಾನಕ್ಕೆ ಮಾಗುವ ತಳಿಗೆ ಅಲ್ಲಿ ಬಿಸಿ ಸಾಲದು, ಮರ್ಲೊಗೆ ಸಾಕು. ಆದರೆ ಬೇಗ ಚಿಗುರುವ ಗುಣವೇ ಇದರ ಕುತ್ತೂ ಹೌದು. ವಸಂತದ ಹಿಮ ಮೊದಲು ಸುಡುವುದು ಇದರ ಚಿಗುರನ್ನೇ. ಈ ತೋಟದ ಚರಿತ್ರೆಯಲ್ಲಿ ಚಳಿಯ ಹೆಸರು ಮತ್ತೆ ಮತ್ತೆ ಬರುತ್ತದೆ.

ಆರ್ನೋ ಮನೆತನದ ಕಾಲ

18ನೇ ಶತಮಾನದ ಮಧ್ಯಭಾಗದಿಂದ ಇದು ಆರ್ನೋ ಎಂಬ ಮನೆತನದ ಆಸ್ತಿ. ಆಗ ತೋಟ ಸುಮಾರು 7 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹದಿನೇಳು ಎಕರೆ. ಪೆತ್ರುಸ್ ಎಂದರೆ ಲ್ಯಾಟಿನ್ನಿನಲ್ಲಿ ಪೇತ್ರ. ಕನ್ನಡ ಬೈಬಲ್ ಓದಿದವರಿಗೆ ಪರಿಚಿತನಾದ ಅದೇ ಸಂತ. ಇಂದಿಗೂ ಬಾಟಲಿಯ ಚೀಟಿಯ ಮೇಲೆ ಆತನ ಚಿತ್ರವಿದೆ, ಕೈಯಲ್ಲಿ ಸ್ವರ್ಗದ ಕೀಲಿಕೈ ಇದೆ.

1855ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ತಮ್ಮ ಸೀಮೆಯ ವೈನುಗಳಿಗೆ ದರ್ಜೆ ಕಟ್ಟಿದರು. ಕೆಂಪು ವೈನಿನ ಪಟ್ಟಿಯಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ನದಿಯಾಚೆಯ ಮೆದಾಕ್ ಸೀಮೆಯವು. ಪೊಮೆರೋಲಿನ ಹೆಸರೇ ಅಲ್ಲಿರಲಿಲ್ಲ. ಲಿಬೂರ್ನಿನ ವ್ಯಾಪಾರ ಬೇರೆ, ಅದರ ಗಿರಾಕಿಗಳು ಬೇರೆ. ಇಲ್ಲಿನ ವೈನ್ ಹೆಚ್ಚಾಗಿ ಬೆಲ್ಜಿಯಂ ಮತ್ತು ಉತ್ತರದ ನಾಡುಗಳಿಗೆ ಹೋಗುತ್ತಿತ್ತು. ಮುಂದೆ 1955ರಲ್ಲಿ ನೆರೆಯ ಸಾಂತೆಮಿಲಿಯೋಂಗೂ ದರ್ಜೆ ಪಟ್ಟಿ ಬಂತು. ಪೊಮೆರೋಲಿಗೆ ಇಂದಿಗೂ ಇಲ್ಲ. 1936ರಲ್ಲಿ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು, ಅಷ್ಟೇ. ಮೊದಲ ದರ್ಜೆ ಎಂಬ ಬಿರುದು ಬಾಟಲಿಯ ಮೇಲೆ ಅಚ್ಚಾಗದೆಯೇ ಆ ದರ್ಜೆಯ ವೈನುಗಳನ್ನು ಬೆಲೆಯಲ್ಲಿ ಮೀರಿಸಿದ ತೋಟ ಇದು.

ಮೊದಲ ಮನ್ನಣೆ ಸಿಕ್ಕಿದ್ದು 1878ರಲ್ಲಿ, ಪ್ಯಾರಿಸ್ ಪ್ರದರ್ಶನದ ಚಿನ್ನದ ಪದಕದ ರೂಪದಲ್ಲಿ. ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡುತ್ತಿದ್ದ ದಶಕವೂ ಅದೇ. ಅಮೆರಿಕದ ಕಾಡುಬಳ್ಳಿಯ ಬೇರಿನ ಮೇಲೆ ತಮ್ಮ ತಳಿಗೆ ಕಸಿ ಕಟ್ಟುವುದನ್ನು ಫ್ರೆಂಚರು ಕಲಿತದ್ದು ಆ ಪೀಡೆಯಿಂದ. ಇಂದು ನಾವು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುವಾಗ ಅದೇ ಪಾಠದ ಮುಂದಿನ ಪುಟ ಓದುತ್ತಿದ್ದೇವೆ.

20ನೇ ಶತಮಾನದ ಆರಂಭದಲ್ಲಿ ಆರ್ನೋಗಳು ತೋಟವನ್ನು ಒಂದು ಕಂಪನಿಯಾಗಿ ಮಾರ್ಪಡಿಸಿ ಷೇರುಗಳನ್ನು ಮಾರಾಟಕ್ಕಿಟ್ಟರು. ಒಡೆತನ ಹಂಚಿಹೋಗುವ ದಾರಿ ಅದು. ಆದರೆ ಆ ಷೇರುಗಳಿಗಾಗಿ ಒಬ್ಬಾಕೆ ಕಾದು ಕುಳಿತಿದ್ದರು.

ಹೋಟೆಲಿನ ಒಡತಿ

ಮದಾಮ್ ಲೂಬಾ ಲಿಬೂರ್ನಿನಲ್ಲಿ ಹೋಟೆಲ್ ನಡೆಸುತ್ತಿದ್ದ ಮನೆತನದವರು. 1925ರಿಂದ ಪೆತ್ರುಸ್‌ನ ಷೇರುಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಎರಡು ದಶಕ ಹಿಡಿದ ಕೆಲಸ. ಮಧ್ಯೆ ಆರ್ಥಿಕ ಕುಸಿತ ಬಂತು, ಮಹಾಯುದ್ಧ ಬಂತು, ಜರ್ಮನರ ಆಕ್ರಮಣ ಬಂತು. 1940ರ ದಶಕ ಮುಗಿಯುವ ಹೊತ್ತಿಗೆ ತೋಟ ಪೂರ್ತಿ ಅವರದಾಗಿತ್ತು.

ಹೋಟೆಲ್ ನಡೆಸಿದವರಿಗೆ ಗಿರಾಕಿಯ ಮನಸ್ಸು ಗೊತ್ತು. ತಮ್ಮ ವೈನಿಗೆ ತಾವೇ ಬೆಲೆ ಕಟ್ಟಿದರು. ಮೆದಾಕಿನ ಹೆಸರಾಂತ ತೋಟಗಳ ಬೆಲೆಗಿಂತ ತಮ್ಮದು ಕಡಿಮೆಯಾಗಬಾರದು ಎಂಬುದು ಅವರ ಹಟ. ಅರಮನೆಯಂಥ ಕಟ್ಟಡವಿಲ್ಲದ, ದರ್ಜೆ ಪಟ್ಟಿಯಲ್ಲಿ ಹೆಸರಿಲ್ಲದ ಹದಿನೇಳು ಎಕರೆಗೆ ಅದು ದೊಡ್ಡ ಮಾತು.

ಆ ಮಾತನ್ನು ಮಾರುಕಟ್ಟೆಗೆ ಒಯ್ಯಲು ಸಿಕ್ಕ ಜೊತೆಗಾರ ಝಾನ್ ಪಿಯೆರ್ ಮುವೆಕ್ಸ್. ಈತ ಕೊರೆಜ್ ಎಂಬ ಬಡ ಮಲೆಸೀಮೆಯಿಂದ ಬಂದ ಮನೆತನದವರು. 1937ರಲ್ಲಿ ಲಿಬೂರ್ನಿನ ನದಿ ದಂಡೆಯ ಮೇಲೆ ವೈನ್ ಮಂಡಿ ತೆರೆದಿದ್ದರು. 1945ರಲ್ಲಿ ಪೆತ್ರುಸ್ ಮಾರುವ ಪೂರ್ಣ ಹಕ್ಕು ಅವರ ಕೈಗೆ ಬಂತು. ಅದೇ ವರ್ಷ ಯುದ್ಧ ಮುಗಿದಿತ್ತು, ಫಸಲೂ ಅಪರೂಪದ್ದಾಗಿತ್ತು. ಬೆಳೆಸುವ ಕೈ ಒಂದು, ಮಾರುವ ಕೈ ಒಂದು. ಎರಡೂ ಒಂದೇ ಊರಿನವು. ಮುಂದೆ ನ್ಯೂಯಾರ್ಕಿನಲ್ಲಿ ಆನ್ರಿ ಸೂಲೆ ನಡೆಸುತ್ತಿದ್ದ ಲ ಪಾವಿಯೋಂ ಎಂಬ ಊಟದ ಮನೆಯಲ್ಲಿ ಸಿರಿವಂತರು ಪೆತ್ರುಸ್ ಕೇಳಿ ತರಿಸಿಕೊಳ್ಳತೊಡಗಿದಾಗ ಅಮೆರಿಕದಲ್ಲೂ ಹೆಸರು ಹಬ್ಬಿತು.

1956ರ ಫೆಬ್ರವರಿ

ಆ ವರ್ಷ ಜನವರಿ ಬೆಚ್ಚಗಿತ್ತು. ಬಳ್ಳಿಗಳು ವಸಂತ ಬಂತೆಂದು ಮೋಸಹೋದವು, ಬೇರಿನಿಂದ ರಸ ಮೇಲೇರತೊಡಗಿತು. ಫೆಬ್ರವರಿ ಕಾಲಿಟ್ಟಿದ್ದೇ ತಡ, ಮಾರಣಾಂತಿಕ ಚಳಿ. ಉಷ್ಣಾಂಶ ಸೊನ್ನೆಯಿಂದ ಬಹಳ ಕೆಳಗಿಳಿದು ವಾರಗಟ್ಟಲೆ ಅಲ್ಲೇ ನಿಂತಿತು. ಕಾಂಡದೊಳಗಿನ ರಸ ಹೆಪ್ಪುಗಟ್ಟಿ ಬಳ್ಳಿಗಳು ಸೀಳಿದವು. ಪೊಮೆರೋಲ್ ಮತ್ತು ಸಾಂತೆಮಿಲಿಯೋಂನಲ್ಲಿ ತೋಟಕ್ಕೆ ತೋಟವೇ ಸತ್ತು ನಿಂತವು.

ಸುತ್ತಲಿನವರು ಮಾಡಿದ್ದು ಸಹಜವಾದ ಕೆಲಸ. ಕಿತ್ತರು, ಹೊಸದಾಗಿ ನೆಟ್ಟರು. ಕೆಲವರು ಹಣ್ಣಿನ ಮರಗಳ ಕಡೆಗೋ ಬೇರೆ ಬೆಳೆಗೋ ಹೊರಳಿದರು. ವಯಸ್ಸಾಗಿದ್ದ ಮದಾಮ್ ಲೂಬಾ ಮಾತ್ರ ಕೀಳಿಸಲಿಲ್ಲ. ಸತ್ತ ಭಾಗವನ್ನು ನೆಲದ ಹತ್ತಿರಕ್ಕೆ ಕತ್ತರಿಸಿಹಾಕಿ, ಜೀವ ಹಿಡಿದಿದ್ದ ಹಳೆಯ ಬೇರುಗಳ ಮೇಲೆಯೇ ಹೊಸ ಚಿಗುರು ಕೂರಿಸುವಂತೆ ಹೇಳಿದರು. ಫ್ರೆಂಚರು ಇದಕ್ಕೆ ರೆಸೆಪಾಜ್ ಎನ್ನುತ್ತಾರೆ. ಇಡೀ ತೋಟಕ್ಕೆ ಹೀಗೆ ಮಾಡಲು ಹೊರಟಿದ್ದನ್ನು ಆ ಸೀಮೆ ಕಂಡಿರಲಿಲ್ಲ. ಒಂದೆರಡು ವರ್ಷ ಫಸಲು ಲೆಕ್ಕಕ್ಕಿಲ್ಲ. ಆದರೆ ದಶಕಗಳ ಕಾಲ ಆ ಬಿಗಿ ಜೇಡಿಯಲ್ಲಿ ಸಂದು ಹುಡುಕಿ ಇಳಿದಿದ್ದ ಬೇರು ಉಳಿಯಿತು. ಹೊಸ ಸಸಿ ಆ ದಾರಿಯನ್ನು ಮೊದಲಿನಿಂದ ಹುಡುಕಬೇಕಾಗುತ್ತಿತ್ತು.

ಕತ್ತರಿಸುವುದು ಬೇರೆ, ಕೀಳುವುದು ಬೇರೆ. ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಕತ್ತರಿಸುವ ನಮಗೆ ಈ ವ್ಯತ್ಯಾಸ ಕೈಯಲ್ಲೇ ಗೊತ್ತಿದೆ. ಪೆತ್ರುಸ್‌ನ ಚರಿತ್ರೆಯನ್ನು ಮತ್ತೆ ಮತ್ತೆ ಓದಿದಾಗ ನನಗೆ ಕಂಡದ್ದು ಇಷ್ಟು: ಆ ತೋಟ ಉಳಿದಿರುವುದು, ಹೆಸರು ಮಾಡಿರುವುದು, ಏನನ್ನು ಕತ್ತರಿಸಬೇಕು, ಯಾವುದನ್ನು ಕೀಳಬಾರದು ಎಂಬ ಒಂದೇ ವಿವೇಕದಿಂದ.

1961ರ ಫಸಲು ಬಹಳ ಸಣ್ಣದು. ವಸಂತದ ಹಿಮ ಆ ವರ್ಷವೂ ಬೋರ್ಡೋದ ಹೂವನ್ನು ಕಡಿಮೆ ಮಾಡಿತ್ತು. ಆದರೆ ಹಳೆಯ ಬೇರು, ಹೊಸ ಕಡ್ಡಿಯ ಆ ಬಳ್ಳಿಗಳಿಂದ ಬಂದ 1961ರ ಪೆತ್ರುಸ್ ಶತಮಾನದ ಶ್ರೇಷ್ಠ ವೈನುಗಳಲ್ಲಿ ಒಂದೆಂದು ಬಲ್ಲವರು ಇಂದಿಗೂ ಹೇಳುತ್ತಾರೆ. ಮದಾಮ್ ಲೂಬಾ ತೀರಿಕೊಂಡದ್ದು ಅದೇ ವರ್ಷ.

ಮುವೆಕ್ಸ್ ಮನೆತನ

ಲೂಬಾ ಅವರಿಗೆ ಮಕ್ಕಳಿರಲಿಲ್ಲ. ಆಸ್ತಿ ಒಡಹುಟ್ಟಿದವರ ಮಕ್ಕಳಾದ ಒಬ್ಬ ಹೆಣ್ಣು, ಒಬ್ಬ ಗಂಡಿಗೆ ಹೋಯಿತು. 1964ರಲ್ಲಿ ಗಂಡು ವಾರಸುದಾರನ ಪಾಲನ್ನು ಝಾನ್ ಪಿಯೆರ್ ಮುವೆಕ್ಸ್ ಕೊಂಡುಕೊಂಡರು. ಅಷ್ಟರಲ್ಲಿ ಅವರು ಮಂಡಿಯ ವ್ಯಾಪಾರಿಯಷ್ಟೇ ಆಗಿರಲಿಲ್ಲ; 1950ರ ದಶಕದಿಂದ ಪೊಮೆರೋಲಿನ ಟ್ರೊತನ್ವಾ, ಲಾ ಫ್ಲರ್ ಪೆತ್ರುಸ್ ಮೊದಲಾದ ತೋಟಗಳ ಒಡೆಯರೂ ಆಗಿದ್ದರು.

ಅದೇ 1964ರಲ್ಲಿ 22 ವರ್ಷದ ಒಬ್ಬ ತರುಣ ಕೆಲಸಕ್ಕೆ ಸೇರಿದ. ಹೆಸರು ಝಾನ್ ಕ್ಲೋಡ್ ಬೆರೂಯೆ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದಿ ಬಂದವನು. 2007ರ ತನಕ 44 ಫಸಲುಗಳು ಅವರ ಕೈಯಲ್ಲಿ ವೈನಾದವು. ಆಮೇಲೆ ಆ ಕೆಲಸ ಮಗ ಒಲಿವಿಯೆ ಬೆರೂಯೆಗೆ ಬಂತು. ಒಡೆಯರ ಮನೆತನದ ಹಾಗೆಯೇ ಕಸುಬಿನವರ ಮನೆತನವೂ ಒಂದು ಸಂಸ್ಥೆಯನ್ನು ಹೊತ್ತು ನಡೆಸುವುದಕ್ಕೆ ಇದು ಒಳ್ಳೆಯ ನಿದರ್ಶನ.

1969ರಲ್ಲಿ ನೆರೆಯ ಗಜ್ಯಾಂ ತೋಟದಿಂದ ಸುಮಾರು 5 ಹೆಕ್ಟೇರ್ ನೆಲ ಕೊಂಡು ಸೇರಿಸಿಕೊಂಡರು. ಅಲ್ಲಿಗೆ ಪೆತ್ರುಸ್ ಇಂದಿನ ಅಳತೆಗೆ ಬಂತು: ಹನ್ನೊಂದೂವರೆ ಹೆಕ್ಟೇರ್, ಸುಮಾರು 28 ಎಕರೆ. ಎರಡೂವರೆ ಶತಮಾನದ ಚರಿತ್ರೆಯಲ್ಲಿ ದೊಡ್ಡ ವಿಸ್ತರಣೆ ಎಂದರೆ ಇದೊಂದೇ.

ಗೊನೆ ಕಡಿಯುವ ಕೈ

ಝಾನ್ ಪಿಯೆರ್ ಅವರ ಕಿರಿಯ ಮಗ ಕ್ರಿಸ್ತಿಯಾನ್ ಮುವೆಕ್ಸ್ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಓದಿ 1970ರಲ್ಲಿ ತೋಟಕ್ಕೆ ಬಂದರು. 1973ರಿಂದ ಬೇಸಿಗೆಯಲ್ಲಿ ಹಸಿ ಗೊನೆಗಳನ್ನೇ ಕತ್ತರಿಸಿ ನೆಲಕ್ಕೆ ಹಾಕಿಸತೊಡಗಿದರು. ಉಳಿದ ಗೊನೆಗೆ ರಸ ಸೇರಲಿ, ಚೆನ್ನಾಗಿ ಮಾಗಲಿ ಎಂಬ ಲೆಕ್ಕ. ಗೊನೆ ತೆಳುಮಾಡುವುದು ಇಂದು ನಮ್ಮ ದ್ರಾಕ್ಷಿ ಪಡದಲ್ಲೂ ವಾಡಿಕೆಯ ಕೆಲಸ. ಆದರೆ ಯುದ್ಧಕಾಲದ ಹಸಿವು ಕಂಡ ತಲೆಮಾರು ಇನ್ನೂ ಬದುಕಿದ್ದ ಆ ಹಳ್ಳಿಯಲ್ಲಿ, ಬೆಳೆದ ಫಲವನ್ನು ಮಣ್ಣಿಗೆ ಚೆಲ್ಲುವುದು ಎಷ್ಟು ಕಣ್ಣುಗಳಿಗೆ ಚುಚ್ಚಿರಬೇಕು!

1987ರಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಕ್ರಿಸ್ತಿಯಾನ್ ಹೆಲಿಕಾಪ್ಟರ್ ಬಾಡಿಗೆಗೆ ತಂದು ಬಳ್ಳಿಗಳ ನೆತ್ತಿಯ ಮೇಲೆ ಹಾರಿಸಿ ಗೊನೆಗಳ ತೇವ ಒಣಗಿಸಿದರು. 1992ರಲ್ಲಿ ಮಳೆನೀರು ಬೇರಿಗಿಳಿಯದಂತೆ ಸಾಲುಗಳ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿಸಿದರು. ಅಕಾಲ ಮಳೆಗೆ ಗೊನೆ ಸೀಳುವುದನ್ನು ಕಂಡವರಿಗೆ ಇದು ಶ್ರೀಮಂತರ ಹುಚ್ಚಾಟ ಅನ್ನಿಸಲಿಕ್ಕಿಲ್ಲ.

ಕೊಯ್ಲಿನಲ್ಲೂ ಅದೇ ಎಚ್ಚರ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಮಾತ್ರ ಹಣ್ಣು ಬಿಡಿಸುವುದು ಇಲ್ಲಿಯ ಪದ್ಧತಿ. ಗೊನೆಯ ಜೊತೆ ಬರುವ ನೀರಿನ ಹನಿಯೂ ರಸವನ್ನು ತೆಳುಮಾಡುತ್ತದೆ. ಮುವೆಕ್ಸ್ ಮನೆತನಕ್ಕೆ ಬೇರೆ ತೋಟಗಳೂ ಇದ್ದುದರಿಂದ ದೊಡ್ಡ ಆಳುಪಡೆ ಒಟ್ಟಿಗೇ ಇಳಿದು, ಹಣ್ಣು ಹದಕ್ಕೆ ಬಂದ ಎರಡು ಮೂರು ಮಧ್ಯಾಹ್ನಗಳಲ್ಲಿ ಕೊಯ್ಲು ಮುಗಿಸಿಬಿಡಬಹುದಿತ್ತು.

ತೊಟ್ಟಿಯಿಂದ ಬಾಟಲಿಗೆ

ಒಳಗಿನ ಕೆಲಸದಲ್ಲಿ ಗುಟ್ಟೇನಿಲ್ಲ. ಕಾಳು ಆರಿಸಿ, ತೊಟ್ಟು ಬಿಡಿಸಿ, ಕಾಂಕ್ರೀಟ್ ತೊಟ್ಟಿಗಳಲ್ಲಿ ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಹೊಳೆಯುವ ಉಕ್ಕಿನ ತೊಟ್ಟಿಗಳ ಕಾಲದಲ್ಲೂ ಇವರು ಕಾಂಕ್ರೀಟ್ ಬಿಟ್ಟಿಲ್ಲ, ಏಕೆಂದರೆ ಅದರಲ್ಲಿ ಬಿಸಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ಒಂದೂವರೆ ವರ್ಷದಷ್ಟು ವಾಸ. ಹಿಂದೆ ಎಲ್ಲ ಪೀಪಾಯಿಗಳೂ ಹೊಸವಾಗಿರುತ್ತಿದ್ದವು. ಈಚೆಗೆ ಹೊಸದರ ಪ್ರಮಾಣ ತಗ್ಗಿಸಿದ್ದಾರೆ, ಹಣ್ಣಿನ ಗುಣವನ್ನು ಮರದ ವಾಸನೆ ಮುಚ್ಚಬಾರದೆಂದು.

ಮೊದಲು ತೋಟದಲ್ಲಿ ನೂರಕ್ಕೆ ಐದರಷ್ಟು ಕ್ಯಾಬರ್ನೆ ಫ್ರಾಂಕ್ ಇತ್ತು, ಕೆಲವು ವರ್ಷ ಅದನ್ನು ಬೆರೆಸುತ್ತಿದ್ದರು. 2010ರಿಂದ ಬಾಟಲಿಯಲ್ಲಿರುವುದು ನೂರಕ್ಕೆ ನೂರು ಮರ್ಲೊ. ಬೋರ್ಡೋದಲ್ಲಿ ತಳಿಗಳನ್ನು ಬೆರೆಸುವುದೇ ಸಂಪ್ರದಾಯ. ಒಂದು ತಳಿ ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬ ಆ ಆಸರೆಯನ್ನೂ ಇವರು ಕೈಬಿಟ್ಟರು.

ದೊಡ್ಡ ತೋಟಗಳು ಎರಡನೆಯ ದರ್ಜೆಯ ವೈನನ್ನು ಬೇರೆ ಹೆಸರಿನಲ್ಲಿ ಮಾರುತ್ತವೆ. ಪೆತ್ರುಸ್‌ಗೆ ಅಂಥ ತಮ್ಮನಿಲ್ಲ. ಹದಕ್ಕೆ ಬಾರದ್ದು ಈ ಹೆಸರಿನಲ್ಲಿ ಹೊರಗೆ ಹೋಗುವುದೇ ಇಲ್ಲ. ವರ್ಷಕ್ಕೆ ಸುಮಾರು 30,000 ಬಾಟಲಿ. ಎಂದರೆ ಎಕರೆಗೆ ಸಾವಿರಕ್ಕಿಂತ ತುಸು ಹೆಚ್ಚು. ಎಕರೆಗೆ ಎಷ್ಟು ಟನ್ ಎಂದು ಲೆಕ್ಕ ಹಾಕುವ ನಮಗೆ ಇದು ಬೆಳೆ ಹೋದ ವರ್ಷದ ಲೆಕ್ಕದಂತೆ ಕಾಣುತ್ತದೆ. ಅವರಿಗೆ ಇದೇ ಒಳ್ಳೆಯ ವರ್ಷ.

ಹೆಸರಿನ ಬೆಲೆ

ಒಂದು ಬಾಟಲಿಯ ಬೆಲೆ ಇಂದು ಲಕ್ಷಗಳ ಲೆಕ್ಕದಲ್ಲಿದೆ. ಬೆಲೆ ಏರಿದಲ್ಲಿ ಕಳ್ಳರು ಇರುತ್ತಾರೆ. 1921ರ ಪೆತ್ರುಸ್ ಎಂದು ದೊಡ್ಡ ಬಾಟಲಿಗಳು ಹರಾಜಿಗೆ ಬಂದು, ಅವು ನಕಲಿಯೆಂಬ ವಿವಾದ ಅಮೆರಿಕದ ನ್ಯಾಯಾಲಯದ ತನಕ ಹೋದದ್ದುಂಟು. ಹಳೆಯ ಹೆಸರಾಂತ ವೈನುಗಳ ನಕಲಿ ತಯಾರಿಸಿ ಮಾರಿದ ರೂಡಿ ಕುರ್ನಿಯಾವಾನ್‌ಗೆ 2014ರಲ್ಲಿ 10 ವರ್ಷದ ಸಜೆಯಾಯಿತು.

2019ರ ನವೆಂಬರ್‌ನಲ್ಲಿ 2000ದ ಫಸಲಿನ 12 ಬಾಟಲಿ ಪೆತ್ರುಸ್ ಅಂತರಿಕ್ಷ ನಿಲ್ದಾಣಕ್ಕೆ ಹೋದವು. ತೂಕವಿಲ್ಲದ ಸ್ಥಿತಿಯಲ್ಲಿ ವೈನ್ ಹೇಗೆ ಮಾಗುತ್ತದೆಂಬ ಪರೀಕ್ಷೆ. 14 ತಿಂಗಳ ನಂತರ ಮರಳಿದ ಮೇಲೆ ಬೋರ್ಡೋದ ಸಂಶೋಧನಾ ಕೇಂದ್ರದಲ್ಲಿ ತಜ್ಞರು ರುಚಿ ನೋಡಿದರು. ಒಂದು ಬಾಟಲಿಯನ್ನು ಕ್ರಿಸ್ಟೀಸ್ ಸಂಸ್ಥೆ ಮಾರಾಟಕ್ಕಿಟ್ಟಾಗ ಅಂದಾಜಿಸಿದ ಬೆಲೆ 10 ಲಕ್ಷ ಡಾಲರ್.

ಝಾನ್ ಪಿಯೆರ್ 2003ರಲ್ಲಿ ತೀರಿಕೊಂಡರು. ಒಡೆತನ ಹಿರಿಯ ಮಗ ಝಾನ್ ಫ್ರಾನ್ಸ್ವಾ ಅವರ ಕವಲಿನಲ್ಲಿ ಮುಂದುವರಿಯಿತು. 2018ರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಾಲು ಕೊಲಂಬಿಯಾ ಮೂಲದ ಉದ್ಯಮಿ ಅಲೆಹಾಂದ್ರೊ ಸಾಂತೊ ದೊಮಿಂಗೊ ಅವರಿಗೆ ಹೋಯಿತು. ಒಂದು ಕಾಲದಲ್ಲಿ ಹೋಟೆಲಿನ ಒಡತಿ ಒಂದೊಂದಾಗಿ ಕೂಡಿಸಿದ ಷೇರುಗಳ ಮೇಲೆ ಈಗ ಖಂಡಾಂತರದ ಬಂಡವಾಳ ಬಂದು ಕೂತಿದೆ.

ನಮಗೂ ಆ ಪುಟ್ಟ ಊರಿಗೂ ಒಂದು ನೇರ ಎಳೆಯಿದೆ. ಪೊಮೆರೋಲಿನ ಲ ಬೋಂ ಪಾಸ್ತರ್ ತೋಟದ ಮನೆತನದ ಮಿಶೆಲ್ ರೋಲಾಂ, 1990ರ ದಶಕದಲ್ಲಿ ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರಕ್ಕೆ ಬಂದು ಗ್ರೋವರ್ ವೈನ್ ಸಂಸ್ಥೆಗೆ ಸಲಹೆಗಾರರಾದರು. ಪೊಮೆರೋಲಿನವರ ಕಣ್ಣು ನಮ್ಮ ಕೆಂಪು ಮಣ್ಣನ್ನೂ ನೋಡಿದೆ.

ಖಾಲಿ ಸಾಲು

ಸ್ಮರಣ ಸಂಚಿಕೆಗಳಲ್ಲಿ ಸಾಧನೆಗಳ ಪಟ್ಟಿ ಇರುವುದು ರೂಢಿ. ಪೆತ್ರುಸ್‌ನ ಪಟ್ಟಿ ಎಂದರೆ ಫಸಲುಗಳ ವರ್ಷಗಳೇ: 1945, 1947, 1961, 1982, 1989, 1990... ಸಂಗ್ರಹಕಾರರು ಇವನ್ನು ಬಾಯಿಪಾಠ ಹೇಳುತ್ತಾರೆ.

ಮಾರುಕಟ್ಟೆಗೆ ಬಂದ ಫಸಲುಗಳನ್ನೆಲ್ಲ ಸಾಲಾಗಿ ಬರೆದರೆ 1990ರ ನಂತರ 1992 ಬರುತ್ತದೆ. 1991ರ ಏಪ್ರಿಲ್‌ನಲ್ಲಿ ಮತ್ತೆ ಹಿಮ ಬಿದ್ದು ಚಿಗುರು ಸುಟ್ಟಿತ್ತು. ಎರಡನೆಯ ಸಲ ಹೊಡೆದ ಚಿಗುರಿನ ಹಣ್ಣು ಹದಕ್ಕೆ ಬರಲಿಲ್ಲ. ಬೇರೆ ಹೆಸರಿನಲ್ಲಿ ಮಾರಲು ಎರಡನೆಯ ವೈನ್ ಇರಲಿಲ್ಲ. ಇದೇ ಹೆಸರಿನಲ್ಲಿ ಮಾರಿದ್ದರೆ ಕೊಳ್ಳುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಮುವೆಕ್ಸ್ ಮನೆತನ ಆ ವರ್ಷವನ್ನೇ ಕತ್ತರಿಸಿಹಾಕಿತು. 1991ರ ಪೆತ್ರುಸ್ ಎಂಬ ಬಾಟಲಿ ಮಾರುಕಟ್ಟೆಗೆ ಬರಲೇ ಇಲ್ಲ.

ಬಳ್ಳಿಗಳು ಅಲ್ಲೇ ಇದ್ದವು. ಮರುವರ್ಷ ಚಾಟ್ನಿಯ ಹೊತ್ತಿಗೆ ಆಳುಗಳು ಎಂದಿನಂತೆ ಕತ್ತರಿ ಹಿಡಿದು ದಿನ್ನೆ ಹತ್ತಿದರು.